ಸಹಿ ಹಾಕುವವರ ಕಡೆಯಿಂದ ನೋಡಿದರೆ

ದೊಡ್ಡವರ ಮುಂದೆ ಇಟ್ಟ ಯೋಜನೆ ಬಿದ್ದುಹೋದ ದಿನ ಕ್ಯಾಂಟೀನಿನಲ್ಲಿ ಕೇಳಿಬರುವ ಮಾತು ಹೆಚ್ಚು ಕಡಿಮೆ ಒಂದೇ. "ಅವರಿಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ. ಬರೀ ದುಡ್ಡಿನ ಲೆಕ್ಕ." ನಾನು ಪೀಣ್ಯದ ಒಂದು ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿದ್ದೇನೆ. ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆ. ತಿಂಗಳಿಗೊಮ್ಮೆ ಖರ್ಚಿನ ಮೀಟಿಂಗ್ ನಡೆಯುತ್ತದೆ. ಯಾರು ಏನು ಕೇಳಿದರು, ಎಂ.ಡಿ. ಏನು ಹೇಳಿದರು ಅಂತ ಮೂಲೆಯಲ್ಲಿ ಕೂತು ಬರೆದುಕೊಳ್ಳುವುದು ನನ್ನ ಕೆಲಸ. ಹಾಗಾಗಿ ಯಾವ ಯೋಜನೆ ಪಾಸಾಯಿತು, ಯಾವುದು ಬಿತ್ತು, ಯಾವುದು "ಮುಂದಿನ ಕ್ವಾರ್ಟರ್ ನೋಡೋಣ" ಎಂಬಲ್ಲಿಗೆ ನಿಂತು ಕೊನೆಗೆ ಎಲ್ಲರಿಗೂ ಮರೆತೇಹೋಯಿತು ಅನ್ನುವುದೆಲ್ಲ ನನ್ನ ನೋಟ್‌ಬುಕ್ಕುಗಳಲ್ಲಿದೆ.

ಆ ನೋಟ್‌ಬುಕ್ಕುಗಳನ್ನು ತಿರುವಿದಾಗಲೆಲ್ಲ ಒಂದು ವಿಷಯ ಕಾಡುತ್ತದೆ. ಬಿದ್ದುಹೋದವುಗಳಲ್ಲಿ ಬಹಳಷ್ಟು ಒಳ್ಳೆಯ ಯೋಜನೆಗಳು. ಪಾಸಾದವುಗಳಲ್ಲಿ ಕೆಲವು ತೀರಾ ಸಾಧಾರಣ. ಮೇಲಿನವರಿಗೆ ಅರ್ಥವಾಗದೆ ಹೀಗಾಯಿತು ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಎಂ.ಡಿ. ಮೇಡಂ ಇದೇ ಕಾರ್ಖಾನೆಯಲ್ಲಿ ಓಡಾಡಿಕೊಂಡು ಬೆಳೆದವರು, ಎಂಜಿನಿಯರಿಂಗ್ ಓದಿದವರು. ಡ್ರಾಯಿಂಗ್ ಮುಂದಿಟ್ಟರೆ ಎಲ್ಲಿ ತಪ್ಪಿದೆ ಅಂತ ನಮಗಿಂತ ಮೊದಲು ಬೆರಳಿಟ್ಟು ತೋರಿಸುತ್ತಾರೆ. ಅವರಿಗೆ ಅರ್ಥವಾಗುತ್ತದೆ. ಅರ್ಥವಾದ ಮೇಲೂ ಸಹಿ ಹಾಕುವುದಿಲ್ಲ.

ಯಾಕೆ ಅಂತ ಬಹಳ ಕಾಲ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಮೇಲೆ ಕೂತವರಿಗೂ ಮೇಲಿನವರು ಇರುತ್ತಾರೆ. ನಮ್ಮ ಮೇಡಂ ಬ್ಯಾಂಕಿಗೆ ಉತ್ತರ ಹೇಳಬೇಕು. ಡೈರೆಕ್ಟರುಗಳಾಗಿರುವ ಇಬ್ಬರು ಚಿಕ್ಕಪ್ಪಂದಿರಿಗೆ ಹೇಳಬೇಕು. ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯವರು ಆಡಿಟ್‌ಗೆ ಬಂದರೆ ಅವರಿಗೂ ಹೇಳಬೇಕು. ಸರ್ಕಾರಿ ಕಚೇರಿಯಲ್ಲಾದರೆ ಫೈಲಿಗೆ ಸಹಿ ಹಾಕಿದವರ ಹೆಸರು ಹತ್ತು ವರ್ಷ ಆದಮೇಲೂ ಆಡಿಟ್ ಆಕ್ಷೇಪಣೆಯಲ್ಲಿ ಎದ್ದು ಬರಬಹುದು. ನಾವು ಯೋಜನೆ ಹೇಳುತ್ತಿರುವಾಗ ಅವರ ತಲೆಯಲ್ಲಿ ಓಡುತ್ತಿರುವುದು ಆ ಮುಂದಿನ ಮಾತುಕತೆ. ನಾವು ನಮ್ಮ ಯೋಜನೆ ಎಷ್ಟು ಚೆನ್ನಾಗಿದೆ ಅಂತ ಹೇಳುತ್ತಾ ಹೋಗುತ್ತೇವೆ. ಅವರು, ನಾಳೆ ಇದನ್ನು ನಾನು ಇನ್ನೊಬ್ಬರ ಮುಂದೆ ಹೇಗೆ ಹೇಳಲಿ, ಎಡವಟ್ಟಾದರೆ ಏನು ಹೇಳಲಿ ಅಂತ ಯೋಚಿಸುತ್ತಿರುತ್ತಾರೆ. ಈ ಎರಡು ಯೋಚನೆಗಳು ಒಂದನ್ನೊಂದು ಮುಟ್ಟುವುದೇ ಇಲ್ಲ.

ಮೊದಲು ಕೊಳ್ಳುವವರು, ಆಮೇಲೆ ಕರೆಂಟು

ಈ ವಿಚಾರ ನನಗೆ ಸ್ಪಷ್ಟವಾಗಿ ಕಂಡದ್ದು ಶಿವನಸಮುದ್ರದ ಕಥೆಯಲ್ಲಿ. ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಕರೆಂಟಿನ ಇತಿಹಾಸ ಅಂದರೆ ಒಂದು ಮೋಹ ಇರುತ್ತದೆ, ನನಗೂ ಇದೆ.

1890ರ ದಶಕದ ಕೊನೆಯ ಮೈಸೂರನ್ನು ನೆನೆಸಿಕೊಳ್ಳಿ. ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡಿದ್ದಾರೆ. ಮಗ ಕೃಷ್ಣರಾಜರು ಇನ್ನೂ ಹುಡುಗ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿ ರಾಜ್ಯ ನೋಡಿಕೊಳ್ಳುತ್ತಿದ್ದಾರೆ. ದಿವಾನರು ಕೆ. ಶೇಷಾದ್ರಿ ಅಯ್ಯರ್. ಅವರೆಲ್ಲರ ಮೇಲೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರು, ರೆಸಿಡೆಂಟರ ಮೇಲೆ ವೈಸ್‌ರಾಯ್. ಪ್ಲೇಗು ಬೆಂಗಳೂರಿಗೆ ಕಾಲಿಟ್ಟ ಕಾಲ. ಇಂಥ ಹೊತ್ತಿನಲ್ಲಿ ಸಂಸ್ಥಾನದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಒಂದು ಯೋಜನೆ ತರುತ್ತಾರೆ. ಕಾವೇರಿ ಧುಮುಕುವ ಜಾಗದಲ್ಲಿ ವಿದ್ಯುತ್ ಮಾಡುವುದು, ಅದನ್ನು ತಂತಿಯ ಮೇಲೆ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸುವುದು. ಆಗ ಜಗತ್ತಿನಲ್ಲೇ ಅಷ್ಟು ಉದ್ದದ ಲೈನುಗಳು ಅಪರೂಪ. ಬೆಂಗಳೂರಿನಲ್ಲಿ ಇನ್ನೂ ಬೀದಿಗೆ ವಿದ್ಯುತ್ ದೀಪ ಬಂದಿರಲಿಲ್ಲ.

ಈ ಯೋಜನೆಯನ್ನು ಹಲವು ರೀತಿ ಹೇಳಬಹುದಿತ್ತು. ರಾಜಧಾನಿಗೆ ಬೆಳಕು ಬರುತ್ತದೆ ಅನ್ನಬಹುದಿತ್ತು. ಸಂಸ್ಥಾನದ ಕೀರ್ತಿ ಹೆಚ್ಚುತ್ತದೆ ಅನ್ನಬಹುದಿತ್ತು. ಎರಡೂ ನಿಜವೇ. ಆದರೆ ಯೋಜನೆಯ ಬೆನ್ನೆಲುಬು ಆಗಿದ್ದು ಗಣಿ. ಚಿನ್ನದ ಗಣಿಗಳಲ್ಲಿ ಆಗ ಹಬೆ ಯಂತ್ರಗಳು. ಅವುಗಳಿಗೆ ಉರುವಲು ದೂರದಿಂದ ಬರಬೇಕು, ಅದರ ಖರ್ಚು ಭಾರಿ. ಗಣಿಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕರೆಂಟು ಕೊಳ್ಳಲು ಮೊದಲೇ ಒಪ್ಪಿತು. ಅಂದರೆ ಒಂದು ಯೂನಿಟ್ ಉತ್ಪಾದನೆ ಆಗುವ ಮೊದಲೇ ಕೊಳ್ಳುವವರು ಸಿದ್ಧ. ಇದನ್ನು ಶೇಷಾದ್ರಿ ಅಯ್ಯರ್ ಅವರ ಕಡೆಯಿಂದ ನೋಡಿ. ರೆಸಿಡೆಂಟರು, "ಇಷ್ಟೊಂದು ದುಡ್ಡು ಹಾಕುತ್ತೀರಲ್ಲ, ವಾಪಸ್ ಬರುವುದು ಎಲ್ಲಿಂದ?" ಅಂತ ಕೇಳಿದರೆ ದಿವಾನರ ಬಳಿ ಒಂದೇ ಸಾಲಿನ ಉತ್ತರ ಇತ್ತು. ಗಣಿಯವರು ಕೊಡುತ್ತಾರೆ. ಆ ಸಾಲಿಗೆ ಎಂಜಿನಿಯರಿಂಗ್ ಗೊತ್ತಿರಬೇಕಿಲ್ಲ. ವೋಲ್ಟೇಜ್ ಎಷ್ಟು, ತಂತಿ ಎಷ್ಟು ದಪ್ಪ ಅಂತ ತಿಳಿದಿರಬೇಕಿಲ್ಲ.

1902ರ ಜೂನ್ 30ರಂದು ಕೋಲಾರಕ್ಕೆ ಕರೆಂಟು ಹರಿಯಿತು. ಶೇಷಾದ್ರಿ ಅಯ್ಯರ್ ಅದಕ್ಕೆ ಮೊದಲೇ, 1901ರಲ್ಲಿ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ಗಮನಿಸಿ, ಎಲ್ಲರೂ ಕೊಂಡಾಡುವ ಆ ಬೆಳಕು ಮೂರು ವರ್ಷ ಆದಮೇಲೆ ಬಂತು. ಬೆಳಕಿನ ಹೆಸರಲ್ಲೇ ದುಡ್ಡು ಕೇಳಿದ್ದರೆ ಯೋಜನೆ ಎಷ್ಟು ವರ್ಷ ಕಾಯಬೇಕಿತ್ತೋ.

ಮೀಟಿಂಗ್ ರೂಮಿನಲ್ಲಿ

ಈಗ ನಮ್ಮ ಕಾರ್ಖಾನೆಗೆ ಬರೋಣ. ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ವಿಷಯದ ಮೇಲೆ ಎರಡು ಯೋಜನೆಗಳಿವೆ, ಕೆಲವು ತಿಂಗಳ ಅಂತರದಲ್ಲಿ ಬಂದವು. ವಿಷಯ ಕಂಪ್ರೆಸರ್ ಗಾಳಿ, ಅಂದರೆ ಯಂತ್ರದಿಂದ ಒತ್ತಿ ಟ್ಯಾಂಕಿಗೆ ತುಂಬುವ ಗಾಳಿ.

ಕಾರ್ಖಾನೆ ಕಂಡವರಿಗೆ ಗೊತ್ತು, ಒತ್ತಡದ ಗಾಳಿ ಇಲ್ಲದೆ ಒಂದು ಮೆಷಿನ್ನೂ ಓಡುವುದಿಲ್ಲ. ಪೀಸನ್ನು ಬಿಗಿಯಾಗಿ ಕೂರಿಸುವ ಫಿಕ್ಸ್ಚರ್ ಹಿಡಿಯುವುದಕ್ಕೆ ಗಾಳಿ, ಬಿಡುವುದಕ್ಕೆ ಗಾಳಿ, ಲೋಹದ ಚೂರು ಊದುವುದಕ್ಕೆ ಗಾಳಿ. ಆದರೆ ಗಾಳಿ ಸೋರಿದರೆ ನೆಲ ಒದ್ದೆಯಾಗುವುದಿಲ್ಲ, ವಾಸನೆ ಬರುವುದಿಲ್ಲ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರಿನ ಒಂದು ತೂತು ಇದ್ದರೆ ಸಾಕು, ಕಂಪ್ರೆಸರಿನಲ್ಲಿ ಸುಮಾರು 3 ಕಿಲೋವ್ಯಾಟ್‌ಗೂ ಹೆಚ್ಚು ಕರೆಂಟು ಆ ತೂತಿಗಾಗಿಯೇ ಉರಿಯುತ್ತದೆ. ಹಗಲೂ ರಾತ್ರಿ ಓಡುವ ಕಡೆ, ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ, ತಿಂಗಳಿಗೆ 15 ಸಾವಿರ ದಾಟುತ್ತದೆ. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ ಕಂಪ್ರೆಸರ್ ಮಾಡಿದ ಗಾಳಿಯಲ್ಲಿ ನೂರಕ್ಕೆ 20ರಿಂದ 30 ಭಾಗ ಹೀಗೆ ಸೋರಿಯೇ ಹೋಗುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಲೆಕ್ಕ.

ಮೊದಲ ಯೋಜನೆ ತಂದವರು ಹೊಸದಾಗಿ ಸೇರಿದ್ದ ಒಬ್ಬ ಎಂಜಿನಿಯರ್. ಜಾಣ ಹುಡುಗ, ಕೆಲಸದಲ್ಲಿ ಶ್ರದ್ಧೆ. ಹಳೆಯ ಪೈಪ್‌ಲೈನ್ ಪೂರ್ತಿ ತೆಗೆದು ಹೊಸದು ಹಾಕಬೇಕು, ಜೊತೆಗೆ ವೇಗ ಹೆಚ್ಚು ಕಡಿಮೆ ಮಾಡಿಕೊಳ್ಳುವ ಹೊಸ ಕಂಪ್ರೆಸರ್ ಕೊಳ್ಳಬೇಕು ಅನ್ನುವುದು ಅವರ ಯೋಜನೆ. ಸ್ಲೈಡುಗಳು ಬಹಳ ಚೆನ್ನಾಗಿದ್ದವು. ಗ್ರಾಫು, ಕೊಟೇಷನ್, ಹಾಕಿದ ದುಡ್ಡು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಅನ್ನುವ ಪೇಬ್ಯಾಕ್ ಲೆಕ್ಕ ಎಲ್ಲ ಇತ್ತು. ಲೆಕ್ಕದಲ್ಲಿ ತಪ್ಪೂ ಇರಲಿಲ್ಲ, ನಾನೇ ನೋಡಿದ್ದೇನೆ. ಅರ್ಧಕ್ಕೆ ಬಂದಾಗ ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು, "ಹೊಸ ಕಂಪ್ರೆಸರ್‌ಗೆ ಲೋನ್ ತಗೋಬೇಕಾಗುತ್ತೆ. ಹಳೇದಕ್ಕೆ ತಗೊಂಡಿದ್ದು ತೀರಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಅದು ಚೆನ್ನಾಗಿ ಓಡ್ತಾ ಇರುವಾಗ ಇನ್ನೊಂದು ಯಾಕೆ ಅಂತ ಬ್ಯಾಂಕ್‌ನವರು ಕೇಳಿದ್ರೆ ನಾನು ಏನು ಹೇಳಲಿ?"

ಹುಡುಗ ಹೇಳಿದ್ದು, "ಮೇಡಂ, ಎಫಿಷಿಯನ್ಸಿ ಸ್ಲೈಡ್ ಮುಂದೆ ಬರುತ್ತೆ. ಅದನ್ನ ತೋರಿಸಿಬಿಡ್ತೀನಿ."

ಸ್ಲೈಡ್ ಬಂತು. ಮೇಡಂ ಪೂರ್ತಿ ನೋಡಿದರು. ಒಳ್ಳೆಯ ಕೆಲಸ ಮಾಡಿದ್ದೀರಿ ಅಂತ ಮನಸಾರೆ ಹೇಳಿದರು. ಮುಂದಿನ ಕ್ವಾರ್ಟರ್ ನೋಡೋಣ ಅಂದರು. ನಾನು ಬರೆದುಕೊಂಡೆ.

ನನಗೆ ಆವತ್ತು ಆ ಹುಡುಗನಿಗಾಗಿ ನಿಜಕ್ಕೂ ಬೇಜಾರಾಯಿತು. ಮೇಡಂ ಅವರು ಕೇಳಿದ ಪ್ರಶ್ನೆ ಒಂದು ಬಾಗಿಲು. ನನ್ನ ಪರವಾಗಿ ಬ್ಯಾಂಕಿನ ಮುಂದೆ ನೀನೇ ಒಂದು ಮಾತು ಮಾಡಿಕೊಡು ಅಂತ ಅವರು ಕೇಳುತ್ತಿದ್ದರು. ಹುಡುಗನಿಗೆ ಅದು ಅಡ್ಡಿಯ ಹಾಗೆ ಕಂಡಿತು. ಪ್ರಶ್ನೆ ಬಂದಾಗ ಹೆಚ್ಚಿನವರಿಗೆ ಹಾಗೇ ಕಾಣುತ್ತದೆ. ಪರೀಕ್ಷೆಯಲ್ಲಿ ಉತ್ತರ ಹೇಳಿ ಬೆಳೆದವರು ನಾವು. ಮೇಲಿನವರು ಕೇಳುವ ಪ್ರಶ್ನೆ ನಮ್ಮನ್ನು ಅಳೆಯುವುದಕ್ಕೇ ಅಂತ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಅವರಿಗೇ ಉತ್ತರ ಬೇಕಾಗಿ ಕೇಳಿದ ಪ್ರಶ್ನೆ.

ಒಂದು ಭಾನುವಾರ

ಎರಡನೆಯ ಯೋಜನೆ ತಂದವರು ನಮ್ಮ ಮೆಂಟೆನೆನ್ಸ್ ಫೋರ್‌ಮನ್. ಐಟಿಐ ಓದಿದವರು. ಮಂಡ್ಯ ಕಡೆಯವರು. ನಮ್ಮ ಮೇಡಂ ಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದ ಇದೇ ಕಾರ್ಖಾನೆಯಲ್ಲಿದ್ದಾರೆ. ಅವರು ಮೀಟಿಂಗಿಗೆ ಬರುವವರಲ್ಲ. ಸ್ಲೈಡ್ ಮಾಡಿದವರೂ ಅಲ್ಲ.

ಒಂದು ಭಾನುವಾರ ಸ್ಟಾಕ್ ತೆಗೆಯುವುದಕ್ಕೆ ನಾವು ಕೆಲವರು ಬಂದಿದ್ದೆವು. ಮೇಡಂ ಕೂಡ ಬಂದಿದ್ದರು. ಮೆಷಿನ್ನುಗಳೆಲ್ಲ ಬಂದ್. ಫೋರ್‌ಮನ್ ಬಂದು, "ಮೇಡಂ, ಒಂದು ಹತ್ತು ನಿಮಿಷ ಶಾಪಿಗೆ ಬರ್ತೀರಾ? ಏನೂ ಕೇಳೋದಕ್ಕಲ್ಲ, ಒಂದು ಸೌಂಡ್ ಕೇಳಿಸಬೇಕು" ಅಂದರು. ಫೈನಾನ್ಸ್ ನೋಡಿಕೊಳ್ಳುವ ಹಿರಿಯರನ್ನೂ ಕರೆದರು. ನಾನೂ ಹಿಂದೆ ಹೋದೆ.

ಶಾಪ್ ಫ್ಲೋರ್ ಭಾನುವಾರ ಹೇಗಿರುತ್ತದೆ ಅಂತ ನೀವು ಕೇಳಿರಬೇಕು. ವಾರವಿಡೀ ಆ ಗದ್ದಲದಲ್ಲಿ ಮುಚ್ಚಿಹೋಗಿದ್ದ ಶಬ್ದಗಳೆಲ್ಲ ಹೊರಗೆ ಬರುತ್ತವೆ. ಫೋರ್‌ಮನ್ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿಸಿದ್ದರು. ನಾಲ್ಕು ದಿಕ್ಕಿನಿಂದಲೂ ಸುಯ್ ಸುಯ್ ಅಂತ ಕೇಳುತ್ತಿತ್ತು. ಗ್ರೈಂಡಿಂಗ್ ಸೆಕ್ಷನ್ ಹತ್ತಿರ ಹೋದರೆ ಇನ್ನೂ ಜೋರು. ಮೇಡಂ ಒಂದು ಹೋಸ್ ಜಾಯಿಂಟಿಗೆ ಕೈ ಹಿಡಿದು ನೋಡಿದರು. ಆಮೇಲೆ ಇನ್ನೊಂದಕ್ಕೆ. ಯಾರೂ ಮಾತಾಡಲಿಲ್ಲ.

ಆಮೇಲೆ ಕಂಪ್ರೆಸರ್ ರೂಮಿಗೆ ಕರೆದುಕೊಂಡು ಹೋದರು. ಫೈನಾನ್ಸ್‌ನವರ ಕೈಗೆ ಒಂದು ವಾಚ್ ಕೊಟ್ಟು, "ಸರ್, ನೀವೇ ಟೈಮ್ ನೋಡಿ. ಈಗ ಯಾವ ಮೆಷಿನ್ನೂ ಗಾಳಿ ತಗೋತಾ ಇಲ್ಲ. ಟ್ಯಾಂಕ್ ತುಂಬಿದ ಮೇಲೆ ಇದು ಸುಮ್ನೆ ಇರಬೇಕು. ಎಷ್ಟು ಹೊತ್ತು ಲೋಡ್ ತಗೊಂಡು ಗಾಳಿ ತುಂಬತ್ತೆ, ಎಷ್ಟು ಹೊತ್ತು ಸುಮ್ನಿರತ್ತೆ, ನೀವೇ ಬರೆದುಕೊಳ್ಳಿ" ಅಂದರು. ಪ್ರತಿ ಹತ್ತು ನಿಮಿಷದಲ್ಲಿ ಹತ್ತಿರ ಹತ್ತಿರ ಮೂರು ನಿಮಿಷ ಲೋಡ್. ಇದು ಎಲ್ಲ ಕಡೆ ಬಳಕೆಯಲ್ಲಿರುವ ಪರೀಕ್ಷೆಯೇ, ಹೊಸದೇನಲ್ಲ. ಲೋಡ್ ಹೊತ್ತನ್ನು ಒಟ್ಟು ಹೊತ್ತಿನಿಂದ ಭಾಗಿಸಿದರೆ ಕಂಪ್ರೆಸರಿನ ಸಾಮರ್ಥ್ಯದಲ್ಲಿ ಎಷ್ಟು ಪಾಲು ಸೋರುತ್ತಿದೆ ಅಂತ ಬರುತ್ತದೆ. ನೂರಕ್ಕೆ ಮೂವತ್ತು. ಆ ಸಂಖ್ಯೆಯನ್ನು ಫೋರ್‌ಮನ್ ಬಾಯಿಬಿಟ್ಟು ಹೇಳಲೇ ಇಲ್ಲ. ಫೈನಾನ್ಸ್‌ನವರೇ ಲೆಕ್ಕ ಹಾಕಿ ಹೇಳಿದರು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಆ ದಿನ ಆದದ್ದರಲ್ಲಿ ಎಷ್ಟೊಂದು ಬುದ್ಧಿವಂತಿಕೆ ಇತ್ತು ಅಂತ ನನಗೆ ಆಮೇಲೆ ಬಿಡಿಬಿಡಿಯಾಗಿ ಹೊಳೆಯಿತು. ಸಾಮಾನ್ಯವಾಗಿ ಇಂಥ ಯೋಜನೆಗಳಿಗೆ ಅಡ್ಡ ನಿಲ್ಲುವವರು ಫೈನಾನ್ಸ್‌ನವರು. ಅದು ಅವರ ಕೆಲಸ ಕೂಡ. ಆ ಸಂಖ್ಯೆ ಅವರ ಬಾಯಿಂದಲೇ ಬಂದ ಮೇಲೆ ಅದನ್ನು ಕಾಪಾಡುವ ಹೊಣೆಯೂ ಅವರದೇ ಆಯಿತು. ಸೋಮವಾರ ಯಾರಾದರೂ "ಇದು ಮೆಂಟೆನೆನ್ಸ್‌ನವರು ಹೇಳೋ ಲೆಕ್ಕ" ಅಂದರೆ, "ಇಲ್ಲ, ನಾನೇ ವಾಚ್ ಹಿಡಿದು ನೋಡಿದ್ದೇನೆ" ಅನ್ನಲು ಅವರಿದ್ದಾರೆ. ಮೇಡಂ ಅವರಿಗೂ ಚಿಕ್ಕಪ್ಪಂದಿರ ಮುಂದೆ ಹೇಳಲು ಒಂದು ಕಥೆ ಸಿಕ್ಕಿತು. ಭಾನುವಾರ ಮೆಷಿನ್ ಎಲ್ಲ ಬಂದ್ ಇದ್ದಾಗಲೂ ಕಂಪ್ರೆಸರ್ ಓಡುತ್ತಿತ್ತು. ಅದನ್ನು ಯಾರಿಗೆ ಬೇಕಾದರೂ ಹೇಳಬಹುದು. ಫೋನಿನಲ್ಲೂ ಹೇಳಬಹುದು.

ಇನ್ನೊಂದು ವಿಷಯ. ಅಷ್ಟು ತೋರಿಸಿದ ಮೇಲೂ ಫೋರ್‌ಮನ್ ಹೊಸ ಕಂಪ್ರೆಸರ್ ಕೇಳಲಿಲ್ಲ. ಗ್ರೈಂಡಿಂಗ್ ಸೆಕ್ಷನ್ ಒಂದರಲ್ಲಿ ಹೋಸು, ಜಾಯಿಂಟು, ಡ್ರೈನ್ ವಾಲ್ವು ಬದಲಾಯಿಸುವುದಕ್ಕೆ ಸ್ಟೋರ್ಸ್‌ನಿಂದ ಸಾಮಾನು ಕೇಳಿದರು. "ಒಂದು ತಿಂಗಳು ಬಿಟ್ಟು ಮತ್ತೆ ಭಾನುವಾರ ಇದೇ ಟೆಸ್ಟ್ ಮಾಡೋಣ ಮೇಡಂ. ಏನೂ ಕಮ್ಮಿ ಆಗಲಿಲ್ಲ ಅಂದ್ರೆ ನಾನು ಇನ್ನ ಕೇಳಲ್ಲ." ಮೇಡಂ ಅಲ್ಲೇ ನಿಂತು ಹೂಂ ಅಂದರು. ಹೊಸ ಕಂಪ್ರೆಸರ್ ಆಮೇಲೆ ಬಂತು, ಒಂದು ವರ್ಷದ ನಂತರ. ಅದರ ಲೆಕ್ಕ ಹಾಕಿಕೊಟ್ಟವರು ಮೊದಲು ಯೋಜನೆ ತಂದಿದ್ದ ಅದೇ ಎಂಜಿನಿಯರ್. ಸೋರಿಕೆ ನಿಂತ ಮೇಲೆ ಮೊದಲು ಅಂದುಕೊಂಡಿದ್ದಕ್ಕಿಂತ ಚಿಕ್ಕ ಕಂಪ್ರೆಸರ್ ಸಾಕಾಯಿತು. ಮೊದಲ ದಿನವೇ ಆ ಯೋಜನೆ ಪಾಸಾಗಿದ್ದರೆ ನಾವು ಸೋರುವ ಗಾಳಿಗೂ ಸೇರಿಸಿ ದೊಡ್ಡ ಮೆಷಿನ್ ಕೊಳ್ಳುತ್ತಿದ್ದೆವು.

ಕನ್ನಂಬಾಡಿಯ ಮೊದಲ ಹಂತ

ಪೂರ್ತಿ ಕೇಳುವ ಬದಲು ಒಪ್ಪಿಗೆ ಸಿಗುವಷ್ಟನ್ನು ಕೇಳುವುದು. ಇದನ್ನು ಕೆಲವರು ಅಂಜುಬುರುಕತನ ಅಂತ ತಿಳಿಯುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ನಮ್ಮ ನಾಡಿನ ಅತಿ ದೊಡ್ಡ ಕೆಲಸಗಳಲ್ಲಿ ಒಂದು ಶುರುವಾದದ್ದು ಹಾಗೆಯೇ.

ಎಂ. ವಿಶ್ವೇಶ್ವರಯ್ಯ 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಬಂದರು. ಕನ್ನಂಬಾಡಿ ಹತ್ತಿರ ಕಾವೇರಿಗೆ ದೊಡ್ಡ ಅಣೆಕಟ್ಟು ಕಟ್ಟುವ ಯೋಜನೆ ಕೊಟ್ಟರು. ಆಗ ಅಡ್ಡ ನಿಂತದ್ದು ಸಂಸ್ಥಾನದ ಹಣಕಾಸು ಇಲಾಖೆಯೇ. ಅವರ ಆಕ್ಷೇಪಣೆಗಳಲ್ಲಿ ಮುಖ್ಯವಾದದ್ದು, ಇದರಿಂದ ಬರುವ ವಿದ್ಯುತ್ತಿಗೆ ಬೇಡಿಕೆ ಎಲ್ಲಿದೆ ಅನ್ನುವುದು. ಇವತ್ತು ಅದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಆ ಕುರ್ಚಿಯಲ್ಲಿ ಕೂತವರು ಕೇಳಲೇಬೇಕಾದ ಪ್ರಶ್ನೆ ಅದು. ದಿವಾನರಾಗಿದ್ದ ಟಿ. ಆನಂದರಾವ್ ಮತ್ತು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ವಿಶ್ವೇಶ್ವರಯ್ಯನವರು ಯೋಜನೆಯನ್ನು ಮತ್ತೆ ಇಟ್ಟರು. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಕೆಳಗಿನ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲದು. ಮೇಲೆ ಜಲಾಶಯ ಇದ್ದರೆ ವರ್ಷವಿಡೀ ಒಂದೇ ಸಮ ನೀರು ಬಿಡಬಹುದು. ಕರೆಂಟು ಕೊಳ್ಳುವ ಗಣಿ ಹೇಗೂ ಇದೆ. ಜೊತೆಗೆ ನೀರಾವರಿ. 1911ರ ಅಕ್ಟೋಬರ್‌ನಲ್ಲಿ ಮಹಾರಾಜರ ಒಪ್ಪಿಗೆ ಸಿಕ್ಕಿತು, 81 ಲಕ್ಷ ರೂಪಾಯಿ ತೆಗೆದಿಟ್ಟರು. ನವೆಂಬರ್‌ನಲ್ಲಿ ಕೆಲಸ ಶುರು. ನಿರ್ಧಾರಕ್ಕೂ ಗುದ್ದಲಿಗೂ ನಡುವೆ ಇಷ್ಟು ಕಡಿಮೆ ಅಂತರ ಇವತ್ತು ಊಹಿಸುವುದೂ ಕಷ್ಟ.

ಆದರೆ ಮಹಾರಾಜರ ಒಪ್ಪಿಗೆ ಕೊನೆಯ ಒಪ್ಪಿಗೆ ಆಗಿರಲಿಲ್ಲ. ಮೈಸೂರು ಮತ್ತು ಮದ್ರಾಸ್ ನಡುವೆ ನದಿ ನೀರಿನ ಬಗ್ಗೆ ಆಗಿದ್ದ 1892ರ ಒಪ್ಪಂದದ ಪ್ರಕಾರ ಮದ್ರಾಸ್ ಸರ್ಕಾರವೂ ಒಪ್ಪಬೇಕಿತ್ತು. ಮದ್ರಾಸಿಗೆ ಮೆಟ್ಟೂರಿನಲ್ಲಿ ತನ್ನದೇ ಯೋಜನೆ ಇತ್ತು. ಮೈಸೂರು ಕೇಳಿದ್ದು ಎರಡು ಹಂತದಲ್ಲಿ 41.5 ಟಿಎಂಸಿ ನೀರು ಹಿಡಿಯುವ ಅಣೆಕಟ್ಟು. ಭಾರತ ಸರ್ಕಾರ ಒಪ್ಪಿದ್ದು 11 ಟಿಎಂಸಿಗೆ ಮಾತ್ರ. ಮೈಸೂರು ಅಷ್ಟಕ್ಕೇ ಕೆಲಸ ಶುರು ಮಾಡಿತು, ಆದರೆ ತಳಪಾಯವನ್ನು ಪೂರ್ತಿ ಎತ್ತರಕ್ಕೆ ಆಗುವಷ್ಟು ಅಗಲ ಹಾಕಿತು. ಮುಂದೆ ಅನುಮತಿ ಸಿಕ್ಕಾಗ ಕಟ್ಟಿದ್ದನ್ನು ಒಡೆಯಬೇಕಾಗಲಿಲ್ಲ.

ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಬಹಳ ಸರಿ. ಮಾತುಕತೆಯ ದೃಷ್ಟಿಯಿಂದ ನನಗೆ ಅಷ್ಟು ಖಾತ್ರಿ ಇಲ್ಲ. ಮದ್ರಾಸ್ ಕೆರಳಿದ್ದು ಆ ತಳಪಾಯ ನೋಡಿಯೇ. ಪಂಚಾಯ್ತಿಗೆ ನ್ಯಾಯಮೂರ್ತಿ ಗ್ರಿಫಿನ್ ಬಂದರು, 1914ರಲ್ಲಿ ತೀರ್ಪು ಕೊಟ್ಟರು. ಅದರ ಮೇಲೂ ಮದ್ರಾಸ್ ಮೇಲ್ಮನವಿ ಹೋಯಿತು. 1924ರ ಒಪ್ಪಂದದವರೆಗೆ ಎಳೆದಾಟ ನಡೆಯಿತು. ಆ ಕಾಲದಲ್ಲಿ, ಆ ಒತ್ತಡದಲ್ಲಿ ಮೈಸೂರಿಗೆ ಬೇರೆ ದಾರಿ ಇತ್ತಾ ಅಂತ ಇಲ್ಲಿ ಕೂತು ಹೇಳುವುದು ಸುಲಭವಲ್ಲ. ಆದರೆ ಕಾರ್ಖಾನೆಯೊಳಗೆ ನಾನು ಯಾರಾದರೂ ಕಿರಿಯರಿಗೆ ಹೇಳುವುದಾದರೆ ಹೀಗೆ ಹೇಳುತ್ತೇನೆ. ಮೊದಲ ಹಂತ ಮಾತ್ರ ಕೇಳಿ, ಆದರೆ ಪೂರ್ತಿ ಚಿತ್ರವನ್ನು ಮೊದಲ ದಿನವೇ ಮೇಜಿನ ಮೇಲೆ ಇಡಿ. ಎರಡನೆಯ ಹಂತ ಇದೆ ಅಂತ ಮೇಲಿನವರಿಗೆ ಆಮೇಲೆ ಬೇರೆಯವರಿಂದ ಗೊತ್ತಾದರೆ, ಮೊದಲ ಹಂತದ ಮೇಲಿನ ನಂಬಿಕೆಯೂ ಹೋಗುತ್ತದೆ. ಫೋರ್‌ಮನ್ ಆ ಭಾನುವಾರವೇ, "ಕೊನೆಗೆ ಕಂಪ್ರೆಸರ್ ಬದಲಾಯಿಸಬೇಕಾಗಬಹುದು, ಆದರೆ ಈಗ ಅದರ ಮಾತು ಬೇಡ" ಅಂತ ಸ್ಪಷ್ಟವಾಗಿ ಹೇಳಿದ್ದರು.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಕಥೆಯೂ ಇಲ್ಲಿ ನೆನಪಾಗುತ್ತದೆ. 1898ರ ಡಿಸೆಂಬರ್ 31ರಂದು, ವೈಸ್‌ರಾಯ್ ಆಗಲಿದ್ದ ಕರ್ಜನ್ ಮುಂಬೈಗೆ ಬಂದಿಳಿದ ಮರುದಿನವೇ, ಜಮ್‌ಶೆಟ್‌ಜಿ ಟಾಟಾ ಅವರ ಯೋಜನೆಯನ್ನು ಒಂದು ಸಮಿತಿಯವರು ಕರ್ಜನ್ ಮುಂದೆ ಇಟ್ಟರು. ಕರ್ಜನ್‌ಗೆ ಅನುಮಾನ. ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ, ಓದಿದವರಿಗೆ ಕೆಲಸ ಎಲ್ಲಿದೆ? ವಿಜ್ಞಾನಿ ವಿಲಿಯಂ ರಾಮ್ಸೆ ಬಂದು ಸುತ್ತಾಡಿ ಬೆಂಗಳೂರು ಸೂಕ್ತ ಅಂದರು. ಅದಾದ ಮೇಲೂ ಇನ್ನೊಂದು ಸಮಿತಿ. ಟಾಟಾ 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಜಾಗವನ್ನೂ ವರ್ಷಕ್ಕೆ 50 ಸಾವಿರ ರೂಪಾಯಿಯನ್ನೂ ಕೊಟ್ಟಿತು. 1909ರ ಮೇ 27ರಂದು ಆದೇಶ ಹೊರಟಿತು. ಹತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು. ಕಲ್ಕತ್ತಾದಲ್ಲಿ ಅನುಮಾನವಾಗಿ ಕಂಡದ್ದು ಮೈಸೂರಿನ ಮೇಜಿನ ಮೇಲೆ ಅವಕಾಶವಾಗಿ ಕಂಡಿತು. ಯಾರ ಬಾಗಿಲು ತಟ್ಟಬೇಕು ಅನ್ನುವುದೂ ಕೆಲಸದ ಒಂದು ಭಾಗ, ಅಲ್ವಾ?

ಇಂಗ್ಲಿಷ್ ಬಾರದ ಯೋಜನೆಗಳು

ಹೇಳಲೇಬೇಕಾದ ಇನ್ನೊಂದು ಮಾತಿದೆ. ಇದು ನನಗೆ ಬಹಳ ನೋವು ಕೊಡುವ ವಿಷಯ. ನಮ್ಮ ಮೀಟಿಂಗಿನಲ್ಲಿ ಕೂರುವ ಹತ್ತು ಜನರಲ್ಲಿ ಎಂಟು ಜನರ ಮನೆಮಾತು ಕನ್ನಡ. ಮಿಕ್ಕವರಿಗೂ ಕನ್ನಡ ಚೆನ್ನಾಗಿ ಗೊತ್ತು. ಆದರೂ ಬಾಗಿಲು ಹಾಕಿದ ಕೂಡಲೇ ಎಲ್ಲರೂ ಇಂಗ್ಲಿಷಿಗೆ ಹೊರಳುತ್ತೇವೆ. ಸ್ಲೈಡ್ ಇಂಗ್ಲಿಷ್, ಫಾರಂ ಇಂಗ್ಲಿಷ್. ಮೆಷಿನ್ನಿನ ಪಕ್ಕದಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲುವವರಿಗೆ ಏನು ಸರಿಯಿಲ್ಲ, ಏನು ಮಾಡಿದರೆ ಸರಿಹೋಗುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಫಾರಂ ನೋಡಿಯೇ ಅವರು ಸುಮ್ಮನಾಗುತ್ತಾರೆ. ಯಾರಾದರೂ ಎಂಜಿನಿಯರ್ ಹತ್ತಿರ ಹೇಳಿದರೆ ಅದು ಆ ಎಂಜಿನಿಯರ್ ಹೆಸರಲ್ಲಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಆ ಭಾನುವಾರದ ನಂತರ ಮೇಡಂ ಜೊತೆ ಈ ಬಗ್ಗೆ ಮಾತಾಡಿದೆ. ಫಾರಂ ಕನ್ನಡದಲ್ಲಿ ಮಾಡಿದೆವು, ಒಂದೇ ಪುಟ. ಏನು ತೊಂದರೆ, ಈಗ ಎಷ್ಟು ನಷ್ಟ, ಮೊದಲು ಯಾವ ಚಿಕ್ಕ ಕೆಲಸ ಮಾಡಬಹುದು, ಸರಿಹೋಯಿತು ಅಂತ ಹೇಗೆ ಗೊತ್ತಾಗುತ್ತದೆ. ಬರೆಯಲು ಬೇಸರ ಪಡುವವರು ಬಂದು ನನ್ನ ಹತ್ತಿರ ಹೇಳಿದರೂ ಸರಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳುತ್ತೇನೆ, ಅವರ ಹೆಸರಲ್ಲೇ ಮೀಟಿಂಗಿಗೆ ಹೋಗುತ್ತದೆ. ಪ್ಯಾಕಿಂಗ್ ವಿಭಾಗದ ಹೆಂಗಸರಿಂದ ಬಂದ ಯೋಜನೆಗಳನ್ನು ನೋಡಿದರೆ ಇಷ್ಟು ವರ್ಷ ನಾವು ಎಷ್ಟನ್ನು ಕಳೆದುಕೊಂಡೆವು ಅಂತ ಹೊಟ್ಟೆ ಉರಿಯುತ್ತದೆ. ಟೇಬಲ್ ಎತ್ತರ ಬದಲಾಯಿಸಿ ಅನ್ನುವ ಒಂದೇ ಸಾಲಿನ ಫಾರಂ ಬಂದಿತ್ತು. ಮರುವಾರವೇ ಮಾಡಿದರು. ಅದಕ್ಕೆ ಮೀಟಿಂಗೂ ಬೇಕಾಗಿರಲಿಲ್ಲ.

ಕೋಣೆಯಲ್ಲಿ ಇಲ್ಲದವರು

ಒಪ್ಪಿಸುವುದು ಹೇಗೆ ಅಂತ ಇಷ್ಟೆಲ್ಲ ಬರೆಯುವಾಗ ಒಂದು ಆತಂಕವೂ ಜೊತೆಗೇ ಇದೆ. ಚೆನ್ನಾಗಿ ಹೇಳಿದ ಯೋಜನೆ ಪಾಸಾಗುತ್ತದೆ. ಆದರೆ ಅದರ ಭಾರ ಹೊರುವವರು ಎಷ್ಟೋ ಸಲ ಆ ಕೋಣೆಯಲ್ಲೇ ಇರುವುದಿಲ್ಲ. ಕನ್ನಂಬಾಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕನ್ನಂಬಾಡಿ ಊರೇ ಮುಳುಗಿತು. ಸಾವಿರಾರು ಜನ ಮನೆ ಬಿಟ್ಟು ಎದ್ದು ಹೋದರು. ಮಂಡ್ಯದ ಗದ್ದೆಗಳಿಗೆ ನೀರು ಬಂದದ್ದು ನಿಜ, ನಮ್ಮ ಫೋರ್‌ಮನ್ ಮನೆಯವರು ಉಂಡದ್ದೂ ಆ ನೀರಿನ ಅನ್ನ. ಹಣಕಾಸು ಇಲಾಖೆ, ದಿವಾನರು, ಮಹಾರಾಜರು, ಮದ್ರಾಸ್, ಭಾರತ ಸರ್ಕಾರ, ಇಷ್ಟು ಜನರನ್ನು ಒಪ್ಪಿಸಬೇಕಾಯಿತು. ಊರು ಬಿಟ್ಟವರು ಆ ಪಟ್ಟಿಯಲ್ಲಿ ಇರಲಿಲ್ಲ.

ಕಂಪ್ರೆಸರ್ ವಿಷಯದಲ್ಲೂ ಚಿಕ್ಕದಾಗಿ ಹೀಗೇ ಆಗುವುದರಲ್ಲಿತ್ತು. ಸೋರಿಕೆ ಕಡಿಮೆ ಆದಮೇಲೆ ಒತ್ತಡವನ್ನು 7 ಬಾರ್‌ನಿಂದ 6ಕ್ಕೆ ಇಳಿಸೋಣ ಅಂತ ಮಾತು ಬಂತು. ಒಂದು ಬಾರ್ ಇಳಿಸಿದರೆ ನೂರಕ್ಕೆ ಆರೇಳರಷ್ಟು ಕರೆಂಟು ಉಳಿಯುತ್ತದೆ. ಕಾಗದದ ಮೇಲೆ ಒಂದೂ ತಕರಾರಿಲ್ಲ. ಮೇಡಂ ಸಹಿ ಹಾಕಲು ತಯಾರಾಗಿದ್ದರು. ಫೋರ್‌ಮನ್ ತಡೆದರು. ಅವರು ಆಪರೇಟರುಗಳ ಹತ್ತಿರ ಮಾತಾಡಿದ್ದರು. ಫಿಕ್ಸ್ಚರಿನಲ್ಲಿ ಸಿಕ್ಕಿಕೊಂಡ ಲೋಹದ ಚೂರನ್ನು ಅವರು ಏರ್ ಗನ್ನಿನಿಂದ ಊದಿ ತೆಗೆಯುತ್ತಾರೆ. ಒತ್ತಡ ಇಳಿದರೆ ಚೂರು ಅಲ್ಲೇ ಉಳಿಯುತ್ತದೆ, ಪೀಸು ಓರೆಯಾಗಿ ಕೂರುತ್ತದೆ, ರಿಜೆಕ್ಟ್ ಆಗುತ್ತದೆ. ರಿಜೆಕ್ಟ್ ಆದದ್ದು ಬರೆಯುವುದು ಆಪರೇಟರ್ ಹೆಸರಿಗೆ. ಇನ್ಸೆಂಟಿವ್ ಹೋಗುವುದು ಅವರದು. ಉಳಿತಾಯ ನಮ್ಮ ಗ್ರಾಫಿನಲ್ಲಿ, ನಷ್ಟ ಅವರ ಸಂಬಳದಲ್ಲಿ.

ಏರ್ ಗನ್ನುಗಳಿಗೆ ಬೇರೆ ನಾಝಲ್ ಹಾಕಿ ನೋಡಿದೆವು. ಸುತ್ತಲಿನ ಗಾಳಿಯನ್ನೂ ಸೇರಿಸಿಕೊಂಡು ಊದುವ ಬಗೆಯ ನಾಝಲ್, ಕಡಿಮೆ ಒತ್ತಡದಲ್ಲೂ ಚೂರು ಹಾರುತ್ತದೆ. ಆಪರೇಟರುಗಳೇ ಎರಡು ವಾರ ಬಳಸಿ ನೋಡಿ ಸರಿ ಅಂದಮೇಲೆ ಒತ್ತಡ ಇಳಿಸಿದರು. ಆಮೇಲೆ ನಮ್ಮ ಕನ್ನಡದ ಫಾರಂಗೆ ಒಂದು ಸಾಲು ಸೇರಿತು. "ಇದರಿಂದ ಯಾರ ಕೆಲಸ ಬದಲಾಗುತ್ತದೆ? ಅವರನ್ನು ಕೇಳಿದ್ದೀರಾ, ಅವರು ಏನು ಹೇಳಿದರು?" ಇದರಿಂದ ತಡವಾಗುತ್ತದೆ ಅಂತ ಕೆಲವರು ಹೇಳಿದರು. ತಡವಾಗುವುದು ನಿಜ. ಮೇಡಂ ಆ ಸಾಲನ್ನು ಹಾಗೇ ಇಟ್ಟರು. ಹೋದ ಮೀಟಿಂಗಿಗೆ ಬಿಡಿಭಾಗ ತೊಳೆಯುವ ಹೊಸ ಮೆಷಿನ್ನಿನ ಯೋಜನೆ ಬಂದಿತ್ತು. ಲೆಕ್ಕ ಎಲ್ಲ ಸರಿಯಿತ್ತು, ಆ ಸಾಲು ಮಾತ್ರ ಖಾಲಿ ಇತ್ತು. ಮೇಡಂ ಬೇರೆ ಏನನ್ನೂ ಓದದೆ ಅದನ್ನೇ ಮೊದಲು ಕೇಳಿದರು. ತಂದವರು ಫೈಲ್ ಮಡಚಿಕೊಂಡು, ಈಗಲೇ ತೊಳೆಯುವ ಸೆಕ್ಷನ್‌ಗೆ ಹೋಗಿ ಮಾತಾಡಿಕೊಂಡು ಬರುತ್ತೇನೆ ಅಂತ ಎದ್ದರು. ನಾವು ಮುಂದಿನ ಯೋಜನೆಗೆ ಹೋದೆವು.